ಮೊದಲ ಭಾಗದ ಗಂಡ

ಹೊಟ್ಟೆಕಿಚ್ಚಿಗೂ ಒಂದು ಮರ್ಯಾದೆ ಇದೆ. ಎದುರುಮನೆಯವರ ಕಾರು, ಷಡ್ಡಕನ ಸೈಟು, ಜೊತೆಯಲ್ಲೇ ಕೆಲಸಕ್ಕೆ ಸೇರಿದವನ ಬಡ್ತಿ, ಇಂಥವಕ್ಕೆ ಹೊಟ್ಟೆ ಉರಿದುಕೊಂಡರೆ ನಾಲ್ಕು ಜನಕ್ಕೆ ಅರ್ಥವಾಗುತ್ತದೆ. ಕೆಲವರು ಕಾಫಿ ಕೊಟ್ಟು ಸಮಾಧಾನವನ್ನೂ ಹೇಳುತ್ತಾರೆ. ನನ್ನ ಕಷ್ಟ ಹೇಳಿಕೊಳ್ಳುವಂಥದ್ದಲ್ಲ. ನನ್ನ ಹೊಟ್ಟೆ ಉರಿಸುತ್ತಿರುವ ಗಂಡಸಿಗೆ ಬೆನ್ನ ಮೇಲೆ ಎರಡು ನೀಲಿ ರೆಕ್ಕೆಗಳಿವೆ. ಅವನು ಹುಟ್ಟಿದ್ದು ಕೆಂಪಾಪುರದ ನಮ್ಮ ಮನೆಯ ಟೆರೇಸಿನಲ್ಲಿ, ಒಣಹಾಕಿದ ನನ್ನ ಬನಿಯನ್ನುಗಳ ನಡುವೆ.

ಅವತ್ತು ಮಂಗಳವಾರ. ಮಂಗಳವಾರ ನಾವು ಬಟ್ಟೆ ಒಗೆಯುವುದೇ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ ನಾಗವೇಣಿ, ಆದ್ದರಿಂದ ವಾರವನ್ನು ನೀವು ನಂಬಬೇಡಿ. ಮೆಟ್ಟಿಲು ಹತ್ತುತ್ತಿದ್ದಾಗ ಅವಳ ದನಿ ಕೇಳಿದ್ದಂತೂ ನಿಜ: “ನಿನ್ನ ಗಾಯ ಮಾಯುವ ತನಕ ಕಾಯುತ್ತೇನೆ. ಏನನ್ನೂ ಬೇಡುವುದಿಲ್ಲ. ನೀನು ಹೇಳು, ನಾನು ಕೇಳಿಸಿಕೊಳ್ಳುತ್ತೇನೆ.” ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಮೆತ್ತಗಿನ ದನಿ ಅವಳಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳು ಟವೆಲ್ಲೊಂದನ್ನು ಒದರಿ, ಕ್ಲಿಪ್ ಸಿಕ್ಕಿಸಿ, “ಎಂದ ನೀಲಪಕ್ಷ” ಅಂದಳು.

ನಾಗವೇಣಿ ಮೊಬೈಲಿನ ಆ್ಯಪ್ ಒಂದರಲ್ಲಿ ಧಾರಾವಾಹಿ ಕಾದಂಬರಿ ಬರೆಯುತ್ತಾಳೆ. ಬರೆಯುತ್ತಾಳೆ ಎನ್ನುವುದು ತಪ್ಪು, ಬಟ್ಟೆ ಒಣಹಾಕುತ್ತಾ ಫೋನಿಗೆ ಹೇಳುತ್ತಾಳೆ, ಅದು ಬರೆದುಕೊಳ್ಳುತ್ತದೆ. ಮೊದಲ ಭಾಗದಲ್ಲಿ ಮಂದಾರೆ ಎಂಬ ಹುಡುಗಿ ವಜ್ರಕೇತು ಎಂಬ ರಾಜಕುಮಾರನನ್ನು ಮೆಚ್ಚಿ ಮದುವೆಯಾಗಿದ್ದಳು. ಅಷ್ಟರಲ್ಲಿ ಮುಗಿಸಬಹುದಿತ್ತು. ಓದುಗರು ಬಿಡಲಿಲ್ಲ. ಈಗ ಎರಡನೇ ಭಾಗದಲ್ಲಿ ಮಂದಾರೆ ಅರಮನೆ ಬಿಟ್ಟು ಮೋಡಗಳ ನಾಡಿಗೆ ಹೋಗಿ, ಅಲ್ಲಿ ಗಾಯ ಮಾಯಿಸಿಕೊಂಡು, ತನ್ನನ್ನು ತಾನು ಕಂಡುಕೊಳ್ಳುತ್ತಿದ್ದಾಳೆ. ಕಂಡುಕೊಳ್ಳಲು ನೆರವಾಗುತ್ತಿರುವವನೇ ಈ ರೆಕ್ಕೆಯವನು, ನೀಲಪಕ್ಷ.

ನಾನೂ ಕಾದಂಬರಿಕಾರ. ನನ್ನ ಒಂದೇ ಕಾದಂಬರಿಯ ಅಧ್ಯಾಯಗಳನ್ನು ಯಾವ ಕ್ರಮದಲ್ಲಾದರೂ ಓದಬಹುದಿತ್ತು. ಓದುಗರು ಆ ಸ್ವಾತಂತ್ರ್ಯವನ್ನು ಇನ್ನಷ್ಟು ಹಿಗ್ಗಿಸಿಕೊಂಡು, ಓದದೆಯೇ ಇದ್ದರು. ಹಾಗಾಗಿ ಹೆಂಡತಿಯ ಓದುಗರ ಮೇಲೂ ನನಗೆ ಹೊಟ್ಟೆಕಿಚ್ಚು ಇದ್ದದ್ದೇ. ನಮ್ಮ ಓನರ್ ಲಕ್ಷ್ಮೀದೇವಮ್ಮನವರೇ ಅವಳ ದೊಡ್ಡ ಅಭಿಮಾನಿ. ಅವರ ಮಾವನ ಕಾಲದ ರಾಗಿಹೊಲದ ಮೇಲೆ ಈಗ ಮೂರು ಕಟ್ಟಡಗಳಿವೆ, ಒಂದರ ಎರಡನೇ ಮಹಡಿಯಲ್ಲಿ ನಾವಿದ್ದೇವೆ. ಕಣ್ಣು ಮಂಜಾದ್ದರಿಂದ ಅವರು ಕತೆಯನ್ನು ಫೋನಿನಿಂದಲೇ ಓದಿಸಿಕೊಂಡು ಕೇಳುತ್ತಾರೆ. ಒಂದು ದಿನ ಗೇಟಿನ ಹತ್ತಿರ ನನ್ನ ಎದುರಿಗೇ ನಾಗವೇಣಿಗೆ ಹೇಳಿದರು: “ಆ ಅರಮನೆಯೋನ್ನ ಮಾತ್ರ ವಾಪಸ್ ಸೇರಿಸ್ಬ್ಯಾಡ ಕಣಮ್ಮಿ. ಬರೀ ತನ್ದೇ ಮಾತಾಡ್ತಾನೆ. ಆ ಉಡ್ಗಿ ಇಂಗೇ ಆಯಾಗಿರ್ಲಿ.”

ನಾಗವೇಣಿ ನಕ್ಕಳು. ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ನನಗೆ ಚುಚ್ಚಿತು. ಬಾಗಿಲು ಹಾಕಿಕೊಂಡು ಎರಡೂ ಭಾಗಗಳನ್ನು ಮೊದಲಿನಿಂದ ಓದಿದೆ.

ಹದಿನಾಲ್ಕನೇ ಕಂತಿನಲ್ಲಿ ಸಿಕ್ಕಿಬಿದ್ದೆ. ಮಂದಾರೆಗೆ ವಿಷಜ್ವರ. ವಜ್ರಕೇತು ಅವಳ ಮಂಚದ ಪಕ್ಕ ಕೂತು ತಾನು ಬರೆಸಿದ ರಾಜಶಾಸನವನ್ನು ಒಂದು ಜಾವ ಓದುತ್ತಾನೆ, ನಡುವೆ ನಿಲ್ಲಿಸಿ ‘ಈ ಸಾಲು ಹೇಗಿದೆ?’ ಎಂದು ಕೇಳುತ್ತಾನೆ. ಕೆಲವು ವರ್ಷದ ಹಿಂದೆ ನಾಗವೇಣಿ ಡೆಂಗಿ ಜ್ವರ ಬಂದು ಹೆಬ್ಬಾಳದ ನರ್ಸಿಂಗ್ ಹೋಮ್ ಒಂದರಲ್ಲಿ ಐದು ದಿನ ಮಲಗಿದ್ದಳು. ಆ ಐದು ದಿನವೂ ದಾಳಿಂಬೆ ಬಿಡಿಸಿ ಬಿಡಿಸಿ ಕೊಟ್ಟಿದ್ದೆ, ಬೆರಳ ತುದಿ ಕೆಂಪಾಗಿತ್ತು ಎಂದು ನನ್ನ ನೆನಪು. ಕಾದಂಬರಿಯ ಕರಡನ್ನೂ ಒಯ್ದಿದ್ದೆನೇ? ಒಯ್ದಿರಬಹುದು. ನೆನಪು ಅಷ್ಟು ಅಚ್ಚುಕಟ್ಟಾಗಿದ್ದರೆ ಅದರ ಮೇಲೆ ನನಗೆ ಯಾವಾಗಲೂ ಅನುಮಾನ. ಬೆರಳು ಕೆಂಪಾಗಿದ್ದು ದಾಳಿಂಬೆಯಿಂದಲೋ, ಕರಡು ತಿದ್ದುವ ಕೆಂಪು ಶಾಯಿಯಿಂದಲೋ ಎಂದು ಈಗ ಆಣೆ ಮಾಡಿ ಹೇಳಲಾರೆ.

ಮರುದಿನ ಟೆರೇಸಿಗೆ ಹೋದೆ. ರಾಜಕುಮಾರನ ಪರವಾಗಿ ವಾದಿಸಲು ಹನ್ನೊಂದು ಅಂಶಗಳನ್ನು ಗುರುತು ಹಾಕಿಕೊಂಡಿದ್ದೆ. ಬಕೆಟ್ಟಿನ ಪಕ್ಕ ನಿಂತು, ವಜ್ರಕೇತುವನ್ನು ವಾಪಸ್ ಕರೆದುಕೊಳ್ಳುತ್ತೀಯೋ ಇಲ್ಲವೋ ಎಂದು ಕೇಳಿದೆ. ಅವಳು ಫೋನ್ ಆಫ್ ಮಾಡಿದಳು.

“ನನಗೇನ್ರೀ ಗೊತ್ತು? ಅವನು ಇಲ್ಲೀವರೆಗೂ ಅವಳನ್ನ ಒಂದ್ಸಲನೂ ಕೇಳೇ ಇಲ್ಲ.”

“ಏನಂತ?”

“ಆ ಜ್ವರದಲ್ಲಿ ನಿನಗೆ ಹೇಗಿತ್ತು ಅಂತ.”

ನನ್ನ ಹನ್ನೊಂದು ಅಂಶಗಳಲ್ಲಿ ಇದು ಇರಲಿಲ್ಲ. “ಹೇಗಿತ್ತು?” ಎಂದು ಕೇಳಿದೆ.

ಅವಳು ಹೇಳತೊಡಗಿದಳು. ಸತ್ತೇಹೋಗುತ್ತೇನೆ ಅನ್ನಿಸಿದ್ದು, ಅದನ್ನು ನನಗೆ ಹೇಳಬೇಕು ಅಂದುಕೊಂಡಾಗಲೆಲ್ಲ ನಾನು ಇನ್ನೊಂದು ಪುಟ ತಿರುಗಿಸಿದ್ದು, ಸೀಲಿಂಗಿನ ಮೇಲಿದ್ದ ಒಂದು ಕಲೆಗೆ ಎರಡು ರೆಕ್ಕೆಗಳಿದ್ದಂತೆ ಕಂಡದ್ದು. ನಾನು “ಆಮೇಲೆ?” ಅಂದೆ. ಮತ್ತೆ “ಆಮೇಲೆ?” ಅಂದೆ. ಬಕೆಟ್ಟಿನಲ್ಲಿದ್ದ ಸೀರೆಯ ಇನ್ನೊಂದು ತುದಿ ಹಿಡಿದುಕೊಂಡೆ. ನನ್ನಲ್ಲೂ ಒಬ್ಬ ನೀಲಪಕ್ಷ ಮೊಳೆಯುತ್ತಿದ್ದಾನೆ ಅನ್ನಿಸಿತು. ಬೆನ್ನು ಸ್ವಲ್ಪ ಕೆರೆದಂತೆಯೂ ಆಯಿತು. ಅಷ್ಟರಲ್ಲಿ ಅವಳು, ನಾನು ಬಿಡಿಸಿಕೊಟ್ಟ ಹಣ್ಣಿಗೆ ದಾಳಿಂಬೆಯ ಬದಲು ಮೂಸಂಬಿ ಅಂದಳು.

“ನನಗೆ ನೆನಪಿರೋ ಹಾಗೆ…” ಎಂದು ನಾನು ಶುರುಮಾಡಿದೆ.

ನಾಗವೇಣಿ ಸೀರೆಗೆ ಕ್ಲಿಪ್ ಸಿಕ್ಕಿಸಿ, ಬಕೆಟ್ ತೆಗೆದುಕೊಂಡು ಕೆಳಗೆ ಹೋದಳು.

ಮೂರು ದಿನ ಯಾವ ಕಂತೂ ಬರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲೇ ಕಣ್ಣಿಟ್ಟು ತಿಂದೆ. ನಾಲ್ಕನೇ ದಿನ ಬಂತು. ವಜ್ರಕೇತು ಕಿರೀಟ ಬಿಟ್ಟು, ಕಾಲ್ನಡಿಗೆಯಲ್ಲಿ ಮೋಡಗಳ ನಾಡಿಗೆ ಬಂದು, ಮಂದಾರೆಯ ಜ್ವರದ ಬಗ್ಗೆ ಕೇಳುತ್ತಾನೆ. ಕಾಲು ಗಂಟೆ ಬಾಯಿ ತೆರೆಯದೆ ಕೇಳಿಸಿಕೊಳ್ಳುತ್ತಾನೆ. ಆಮೇಲೆ ತಡೆಯಲಾರದೆ ತನ್ನದನ್ನು ಶುರುಮಾಡುತ್ತಾನೆ. ಮಂದಾರೆ ಅವನನ್ನು ಒಳಗೆ ಕರೆಯುವುದಿಲ್ಲ. ಹೊರಡು ಎಂದೂ ಹೇಳುವುದಿಲ್ಲ. ಬಾಗಿಲಲ್ಲೇ ಒಂದು ಮಣೆ ಹಾಕಿಸುತ್ತಾಳೆ.

ಸಂಜೆ ಲಕ್ಷ್ಮೀದೇವಮ್ಮನವರು ಮೆಟ್ಟಿಲ ಬುಡದಿಂದಲೇ ತೀರ್ಪು ಕೊಟ್ಟರು. ಕಾಲು ಗಂಟೆ ಸುಮ್ಮನಿರುವುದು ಗಂಡಸಿಗೆ ಸಣ್ಣ ಮಾತಲ್ಲವಂತೆ, ತಮ್ಮ ಮನೆಯವರಿಗೆ ಕೊನೇತನಕ ಆಗಲಿಲ್ಲವಂತೆ. “ಇರ್ಲಿ, ಇಟ್ಕೋ ಕಣಮ್ಮಿ,” ಅಂದರು.

ಈಗ ನನಗೆ ರೆಕ್ಕೆಯವನ ಮೇಲೆ ಅಷ್ಟು ಉರಿಯಿಲ್ಲ. ಹೊಟ್ಟೆಕಿಚ್ಚೆಲ್ಲ ಆ ರಾಜಕುಮಾರನ ಮೇಲೆ. ಅವತ್ತು ಟೆರೇಸಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು, ನನಗೆ ನೆನಪಿರುವ ಹಾಗೆ, ಹೆಚ್ಚೆಂದರೆ ನಾಲ್ಕು ನಿಮಿಷ. ನಾಗವೇಣಿ ಕಾಲು ಗಂಟೆ ಅಂತ ಬರೆದಿದ್ದಾಳೆ. ಜೀವನದಲ್ಲಿ ಮೊದಲ ಸಲ ನಾನು ಅವಳ ನೆನಪನ್ನು ತಿದ್ದಲು ಹೋಗಲಿಲ್ಲ.