ತಲೆಬಾಗಿಲ ದೀಪಕ್ಕೆ ಮೂರು ಸ್ವಿಚ್ಚು

ಯಾರೂ ಕೇಳದ ಅನುಕೂಲವನ್ನು ಮಾಡಿಕೊಡುವ ಚಟ ಕೆಲವರಿಗಿರುತ್ತದೆ. ನನಗೂ ಇದೆ. ಕೆಟ್ಟ ನಲ್ಲಿಯನ್ನು ತಿಂಗಳುಗಟ್ಟಲೆ ಸೋರಲು ಬಿಟ್ಟು, ಚೆನ್ನಾಗಿರುವುದಕ್ಕೆ ಕೈ ಹಾಕುವವನು ನಾನು. ಹರಪನಹಳ್ಳಿಯ ನಮ್ಮ ಮನೆಯ ತಲೆಬಾಗಿಲ ಬಲ್ಬು ವರ್ಷಗಟ್ಟಲೆ ಒಂದೇ ಸ್ವಿಚ್ಚಿಗೆ ನಿಷ್ಠೆಯಿಂದ ಉರಿಯುತ್ತಿತ್ತು. ಮುಸ್ಸಂಜೆ ಅದನ್ನು ಹಚ್ಚಿ, ಬಲ್ಬಿಗೇ ಕೈಮುಗಿದು ಗಲ್ಲ ಗಲ್ಲ ಬಡಿದುಕೊಳ್ಳುವುದು ಅವ್ವನ ಕೆಲಸ. ಅವಳಿಗೆ ಮಂಡಿನೋವು ಶುರುವಾದ ಮೇಲೆ, ಅವಳು ಏಳುವಷ್ಟರಲ್ಲಿ ನನ್ನ ಹೆಂಡತಿ ಗೌರಿ ಓಡಿಬಂದು ಹಚ್ಚತೊಡಗಿದಳು. ಅವ್ವನಿಗೆ ಅದು ಸೇವೆಯಂತೆ ಕಾಣಲಿಲ್ಲ, ಅಧಿಕಾರ ಕಸಿದಂತೆ ಕಂಡಿತು. ನಾನು ಬಾಗಿಲ ಬಳಿಯ ಸ್ವಿಚ್ಚು ತೆಗೆಸಿ, ಅವ್ವನ ಮಂಚದ ಪಕ್ಕ ಒಂದು, ಅಡುಗೆಮನೆಯಲ್ಲಿ ಒಂದು ಹಾಕಿಸಿದೆ.

"ಟೂ ವೇ ಹಾಕೀನ್ರಿ ಅಣ್ಣಾರ. ಎಲ್ಲಿಂದ ಬೇಕಾದ್ರೂ ಹಚ್ರಿ, ಎಲ್ಲಿಂದ ಬೇಕಾದ್ರೂ ಆರಸ್ರಿ," ಎಂದ ವೈರಿಂಗ್ ಬಸಣ್ಣ. ಅವ್ವ ಮುಖ ಸಿಂಡರಿಸಿದಳು. ನಮ್ಮಲ್ಲಿ ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತೇವೆ.

ಕರೆಂಟ್ ಇದ್ದ ದಿನ ತೊಂದರೆಯಿರಲಿಲ್ಲ. ಮೊದಲು ಒತ್ತಿದವರಿಗೆ ಪುಣ್ಯ. ಆದರೆ ಮುಸ್ಸಂಜೆಗೆ ಸರಿಯಾಗಿ ಕರೆಂಟ್ ಹೋಗುವುದು ನಮ್ಮ ಓಣಿಯ ಪದ್ಧತಿ. ಬಂದ ಕೂಡಲೇ ತಲೆಬಾಗಿಲು ಬೆಳಗಲಿ ಎಂದು ಅವ್ವ ಕತ್ತಲಲ್ಲೇ ತನ್ನ ಸ್ವಿಚ್ಚು ಒತ್ತಿದಳು. ಅದೇ ಆಸೆಯಿಂದ ಗೌರಿ ತನ್ನದನ್ನೂ ಒತ್ತಿದಳು. ಕರೆಂಟ್ ಬಂತು. ಇಡೀ ಓಣಿ ಬೆಳಗಿತು, ನಮ್ಮ ತಲೆಬಾಗಿಲೊಂದನ್ನು ಬಿಟ್ಟು.

"ನಾ ಹಚ್ಚಿದ ದೀಪಾನ ಇಂಥಾ ಹೊತ್ನ್ಯಾಗ ದೊಡ್ಡದು ಮಾಡ್ಯಾಳ ನೋಡಲೇ," ಎಂದಳು ಅವ್ವ.

"ಉಚ್ಚಂಗೆಮ್ಮನಾಣಿಗೂ ಇಲ್ಲ ಅತ್ತಿ. ನಾನೂ ಹಚ್ಚೀನಿ," ಎಂದಳು ಗೌರಿ.

ಒಂದನ್ನು ಒತ್ತಿದರೆ ಹತ್ತುವ ದೀಪ ಇನ್ನೊಂದನ್ನೂ ಒತ್ತಿದರೆ ಆರುತ್ತದೆ, ಇಬ್ಬರೂ ಹಚ್ಚಿದ್ದರಿಂದಲೇ ಆರಿತು ಎಂದು ನಾನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. "ಹೆಂಡ್ತಿ ಪರ ಮಾತಾಡಾಕ ಚಿತ್ರ ಬ್ಯಾರೆ ಬರದಾನ," ಎಂದಳು ಅವ್ವ. ಚಿತ್ರದಲ್ಲಿ ಅತ್ತೆಯ ಸ್ವಿಚ್ಚು ಯಾಕೆ ಮೇಲಿದೆ ಎಂದು ಗೌರಿ ಕೇಳಿದಳು. ಅವತ್ತಿನಿಂದ ಅವರಿಬ್ಬರ ಮಾತು ಬಂದ್. ಸಾರಿಗೆ ಉಪ್ಪು ಕಡಿಮೆ ಎಂಬುದೂ ನನ್ನ ಮೂಲಕವೇ ಅಡುಗೆಮನೆಗೆ ಹೋಗಬೇಕು. ಸಂಜೆ ಒಟ್ಟಿಗೆ ಕೂತು ಅವರೆಕಾಯಿ ಸುಲಿಯುತ್ತಾ ಓಣಿಯವರನ್ನೆಲ್ಲ ಆಡಿಕೊಳ್ಳುತ್ತಿದ್ದ ಅತ್ತೆ ಸೊಸೆ ಹೀಗಾದರಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಮತ್ತೆ ಬಸಣ್ಣನನ್ನೇ ಕರೆದೆ. ಮೂರನೇ ಕಡೆಯೂ ಹಾಕಬಹುದೇ ಎಂದೆ. "ನಾಕ್ ಕಡಿ ಬೇಕಾದ್ರೂ ಹಾಕ್ತೀನ್ರಿ. ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದು ಕೇಳಿದ. ನನ್ನ ಕುರ್ಚಿಯ ಹಿಂದೆ ಒಂದು ಹಾಕಿಸಿ, ಅದು ಫ್ಯಾನಿಗೆ ಎಂದು ಮನೆಯವರಿಗೆ ಹೇಳಿದೆ. ಕರೆಂಟ್ ಬಂದು ಬಾಗಿಲು ಕತ್ತಲಾಗಿದ್ದರೆ, ಯಾರೂ ನೋಡುವ ಮೊದಲೇ ಒತ್ತಿಬಿಡುವುದು ನನ್ನ ಯೋಜನೆ. ಕೆಲವು ಸಂಜೆ ಚೆನ್ನಾಗಿಯೇ ನಡೆಯಿತು. ಒಮ್ಮೆ ಗೌರಿ ಹಿತ್ತಲಲ್ಲಿದ್ದಳು, ಅವ್ವ ಮಾತ್ರ ಒತ್ತಿದ್ದಳು. ಕರೆಂಟ್ ಬಂದಾಗ ದೀಪ ಸರಿಯಾಗಿಯೇ ಹತ್ತಿತು. ಅದನ್ನು ನೋಡುವ ವ್ಯವಧಾನವಿಲ್ಲದೆ ನಾನು ಅಭ್ಯಾಸಬಲದಿಂದ ಒತ್ತಿಬಿಟ್ಟೆ. ಅವ್ವ ಕೈಮುಗಿದು ನಿಂತಿದ್ದಳು, ಗೌರಿ ಆಗಷ್ಟೇ ಒಳಗೆ ಬಂದಿದ್ದಳು. ದೀಪ ಹೋಯಿತು. ಇಬ್ಬರೂ ತಿರುಗಿದರು. ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು.

"ಇಷ್ಟ್ ದಿನ ದೊಡ್ಡದು ಮಾಡಿದಾಂವ ಇವನಾ!" ಎಂದಳು ಅವ್ವ.

"ನನಗ ಮೊದ್ಲ ಅನುಮಾನ ಇತ್ತು ಅತ್ತಿ," ಎಂದಳು ಗೌರಿ.

ಇಬ್ಬರೂ ಅಕ್ಕಪಕ್ಕ ಕೂತು, ನನ್ನ ಬಾಲ್ಯದಿಂದ ಮದುವೆಯವರೆಗೆ ಒಬ್ಬರು, ಮದುವೆಯಿಂದ ಈಚೆಗೆ ಒಬ್ಬರು, ನನ್ನ ಜನ್ಮ ಜಾಲಾಡಿದರು. ನಾನು ಚಿತ್ರ ಬರೆಯಲು ಹೋಗಲಿಲ್ಲ. ಈಗಲೂ ಇಬ್ಬರ ಮಾತು ಕಡಿಮೆಯಾಗಿ ಪಾತ್ರೆಗಳ ಸದ್ದು ಜಾಸ್ತಿಯಾದ ಸಂಜೆ, ಅವರಿಗೆ ಕಾಣುವಂತೆಯೇ ಕುರ್ಚಿಯ ಹಿಂದೆ ಕೈ ಹಾಕಿ ತಲೆಬಾಗಿಲ ದೀಪ ದೊಡ್ಡದು ಮಾಡುತ್ತೇನೆ.