ದುಃಖತಪ್ತರ ಸಾಲಿನಲ್ಲಿ ನನ್ನ ಫೋಟೋ

ಶಾಮಿಯಾನ ಗಾಳಿಗೆ ಹಾರಿಹೋಗಬಹುದಿತ್ತು. ಮೈಕು ಕಿರುಚಬಹುದಿತ್ತು. ಫ್ಲೆಕ್ಸಿನಲ್ಲಿ ಜನನ ಮರಣದ ದಿನಾಂಕಗಳು ಅದಲುಬದಲಾಗಿ, ಸೂರಪ್ಪನವರು ಹುಟ್ಟುವ ಮೊದಲೇ ತೀರಿಕೊಂಡಂತಾಗಬಹುದಿತ್ತು. ನುಡಿನಮನ ಸಲ್ಲಿಸಲು ನಿಂತಾಗ ನನ್ನ ಜೇಬಿನಿಂದ ಭಾಷಣದ ಬದಲು ದಿನಸಿ ಚೀಟಿ ಬರಬಹುದಿತ್ತು. ಇವೆಲ್ಲಕ್ಕೂ ನಾನು ಮುಂಜಾಗ್ರತೆ ವಹಿಸಿದ್ದೆ. ಗಾಬರಿ ಬೀಳುವುದರಲ್ಲಿ ನನಗೆ ಮೂವತ್ತು ವರ್ಷಗಳ ಅನುಭವವಿದೆ!

ಸೂರಪ್ಪನವರು ಪುಟ್ಟೇನಹಳ್ಳಿಯ ನಮ್ಮ ಬೀದಿಗೇ ಹಿರಿಯರು. ಎಲ್ಲರನ್ನೂ ನಗಿಸಿಕೊಂಡು ಬದುಕಿದವರು. ಅವರ ಶ್ರದ್ಧಾಂಜಲಿ ಸಭೆಯ ಫ್ಲೆಕ್ಸಿನ ಹೊಣೆ ನನ್ನದಾಗಿತ್ತು. ಅವರ ಹೆಂಡತಿ ಜಯಮ್ಮನವರು ಕೇಳಿಕೊಂಡದ್ದು ಒಂದೇ.

"ಇದ್ದಾಗ ನಗಿಸಿದ್ದು ಸಾಕು ಕಣಪ್ಪಾ. ಅವತ್ತೊಂದಿನ ಇವ್ರ ಮುಂದೆ ಯಾರೂ ನಗಬಾರ್ದು."

"ನಗಲ್ಲ ಅಕ್ಕಾ. ಅದು ನನ್ ಜವಾಬ್ದಾರಿ," ಎಂದೆ.

ನಮ್ಮ ಕಡೆಯ ಫ್ಲೆಕ್ಸಿನಲ್ಲಿ ತೀರಿಕೊಂಡವರದು ದೊಡ್ಡ ಫೋಟೋ. ಕೆಳಗೆ 'ದುಃಖತಪ್ತರು' ಎಂದು ಬದುಕಿರುವವರ ಸಣ್ಣ ಫೋಟೋಗಳ ಸಾಲು. ಆ ಸಾಲಿನಲ್ಲಿ ನಾನೂ ಇರಬೇಕಿತ್ತು. ಭಯ ಶುರುವಾದದ್ದೇ ಅಲ್ಲಿ.

ಎಂಟು ವರ್ಷಗಳ ಹಿಂದೆ ಬೀದಿಯ ರಾಜ್ಯೋತ್ಸವದಲ್ಲಿ ನಾನು ಬಿಸಿ ಮೆಣಸಿನಕಾಯಿ ಬಜ್ಜಿ ಕಚ್ಚಿದ ಕ್ಷಣವನ್ನು ಸೂರಪ್ಪನವರೇ ಮೊಬೈಲಿನಲ್ಲಿ ಹಿಡಿದಿದ್ದರು. ಕಣ್ಣು ತೇಲಿ, ಬಾಯಿ ಸೊಟ್ಟಗಾಗಿ, ಕೆನ್ನೆಯ ಮೇಲೆ ನೀರು. ಯಾರೋ ಅದರ ಕೆಳಗೆ 'ಇನ್ನೂ ಏನೇನು ನೋಡ್ಬೇಕೋ' ಎಂದು ಬರೆದು ಮೀಮ್ ಮಾಡಿದರು. ನಲ್ಲಿಯಲ್ಲಿ ನೀರು ಬರದಿದ್ದರೆ ನಾನು. ಕರೆಂಟು ಹೋದರೆ ನಾನು. ಸಾರಕ್ಕಿ ಸಿಗ್ನಲ್ಲಿನಲ್ಲಿ ಗಾಡಿಗಳು ನಿಂತರೆ ನಾನು. ನನ್ನನ್ನು ಕಂಡೇ ಇರದವರ ಗ್ರೂಪುಗಳಿಗೂ ಹೋಗಿಬಂದೆ. ಬಜ್ಜಿ ಒಂದು ನಿಮಿಷದಲ್ಲಿ ಮುಗಿದಿತ್ತು. ಫೋಟೋ ಮುಗಿಯಲೇ ಇಲ್ಲ!

ಫ್ಲೆಕ್ಸ್ ಅಂಗಡಿಯವನಿಗೆ ಗಂಭೀರವಾದ ಫೋಟೋವೊಂದನ್ನು ಕಳಿಸಿದೆ. ಕಳಿಸಿದ ಮೇಲೆ ಯೋಚನೆ ಹತ್ತಿತು. ಅವನ ಮೊಬೈಲಿನಲ್ಲಿ ಆ ಬಜ್ಜಿಯ ಫೋಟೋ ಮೊದಲೇ ಇದ್ದರೆ? ಎಚ್ಚರಿಕೆ ಕೊಡುವುದು ಒಳ್ಳೆಯದೆಂದು ಅದನ್ನೂ ಕಳಿಸಿ, 'ಈ ಭಾವಚಿತ್ರವನ್ನು ಯಾವುದೇ ಕಾರಣಕ್ಕೂ ಬಳಸತಕ್ಕದ್ದಲ್ಲ' ಎಂದು ಕೆಳಗೆ ವಿವರವಾಗಿ ಬರೆದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸಭೆಯ ದಿನ ಫ್ಲೆಕ್ಸ್ ಬಿಚ್ಚಿ ಕಟ್ಟಿದರೆ, ದುಃಖತಪ್ತರ ನಟ್ಟನಡುವೆ ಬಜ್ಜಿಯ ನಾನು!

"ಏನಣ್ಣಾ ಇದು? ಬೇಡ ಅಂತ ಬರ್ದಿದ್ನಲ್ಲ!" ಎಂದು ಅಂಗಡಿಯವನಿಗೆ ಫೋನಿನಲ್ಲಿ ಕೂಗಿದೆ.

"ಅಷ್ಟುದ್ದ ಯಾರ್ ಓದ್ತಾರೆ ಸಾರ್? ಎರಡ್ ಫೋಟೋ ಬಂತು. ಒಂದ್ರಲ್ಲಿ ಆಧಾರ್ ಕಾರ್ಡಿಗೆ ಕೂತಂಗಿದೀರ. ಇನ್ನೊಂದ್ರಲ್ಲಿ ದುಃಖ ಸಖತ್ತಾಗ್ ಬಂದಿದೆ. ಅದನ್ನೇ ಹಾಕ್ದೆ."

ಪಕ್ಕದಲ್ಲಿದ್ದ ನನ್ನ ಹೆಂಡತಿ ಪದ್ಮ ಹಣೆ ಚಚ್ಚಿಕೊಂಡಳು. "ಬೇಡದ ಫೋಟೋನ ಯಾರಾದ್ರೂ ಕಳಿಸ್ತಾರೇನ್ರೀ?"

ಹೊಸದು ಮಾಡಿಸಲು ಹೊತ್ತಿರಲಿಲ್ಲ. ಒಂದು ಸೇವಂತಿಗೆ ಹಾರ ಮಿಕ್ಕಿತ್ತು. ಅದನ್ನು ಸದ್ದಿಲ್ಲದೆ ನನ್ನ ಮುಖ ಮುಚ್ಚುವಂತೆ ಇಳಿಬಿಟ್ಟೆ.

"ಅಯ್ಯಯ್ಯೋ, ತೆಗೀರೀ!" ಪದ್ಮ ಚೀರಿದಳು. "ಜೀವ ಇರೋರ ಫೋಟೋಗೆ ಹಾರ ಹಾಕ್ತಾರಾ? ನಾನಿನ್ನೂ ಕುಂಕುಮ ಇಟ್ಕೊಂಡ್ ನಿಂತಿದೀನಿ!"

ತೆಗೆದೆ. ಜನ ಬಂದು ಕೂತರು. ಒಬ್ಬೊಬ್ಬರ ಕಣ್ಣೂ ಸೂರಪ್ಪನವರಿಂದ ಇಳಿದು ನನ್ನ ಮುಖದ ಮೇಲೆ ನಿಂತಿತು.

ಯಾರೂ ನಗಲಿಲ್ಲ.

ಮುಂದೆ ಕೂತಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮ ಯಜಮಾನ್ರು ಹೋದಾಗ್ಲೂ ಮೊಮ್ಮಗಳು ಮೊಬೈಲಿಗೆ ಇದೇ ಮುಖ ಕಳ್ಸಿದ್ಳು," ಎಂದರು. ಎಂಟು ವರ್ಷ ಕೈಯಿಂದ ಕೈಗೆ ಹೋಗುತ್ತ, ಅದರೊಳಗಿನ ನಗು ಎಲ್ಲಿ ಸೋರಿಹೋಯಿತೋ ತಿಳಿಯದು. ದುಃಖವೊಂದೇ ಉಳಿದಿತ್ತು. ಜಯಮ್ಮನವರು ಅದನ್ನು ತುಂಬ ಹೊತ್ತು ನೋಡಿದರು. "ಇವ್ರೇ ತೆಗ್ದಿದ್ದಲ್ವೇನಪ್ಪಾ," ಎಂದಷ್ಟೇ ಹೇಳಿ ಕೈ ಮುಗಿದರು.

ಫೋಟೋ ಒಂದು ಬಿಟ್ಟರೆ ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆದದ್ದು ಸಣ್ಣದೊಂದು. ನಾನು ನುಡಿನಮನದ ಅತ್ಯಂತ ಆರ್ದ್ರವಾದ ಭಾಗಕ್ಕೆ ಬಂದಿದ್ದೆ. ನಿಜವಾಗಿಯೂ ಅಳು ಬರುತ್ತಿತ್ತು. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೈಯೆತ್ತಿದರು.

"ಸಾರ್, ಫೋಟೋಗೆ ಅಡ್ಡ ನಿಂತಿದೀರ."

ಕ್ಷಮೆ ಕೇಳಿ, ಸೂರಪ್ಪನವರ ಮುಖ ಕಾಣುವಂತೆ ಎಡಕ್ಕೆ ಸರಿದೆ.

"ಅವರದಲ್ಲ ಸಾರ್. ಕೆಳಗಡೆ ನಿಜವಾಗ್ಲೂ ಅಳ್ತಾ ಇದಾರಲ್ಲ, ಪಾಪ, ಅವರದ್ದು."

ಇನ್ನೂ ಸ್ವಲ್ಪ ಸರಿದೆ.