ಗಂಜಿ ಹಚ್ಚಿದ ಗುಲಗಂಜಿ ಹುಳಗಳು

ಗಜೇಂದ್ರಗಡದಲ್ಲಿ ಸೀರೆ ನೇಯುವ ನನಗೆ ಹುಳ ಹಿಡಿಯುವುದೂ ಒಂದು ಕೆಲಸವೇ ಎಂದು ಅನ್ನಿಸಿತ್ತು. ಹಾಗೆ ಅನ್ನಿಸಿದ್ದು ನಿಜ, ಮುಚ್ಚಿಡುವುದಿಲ್ಲ.

ಹತ್ತಿರದ ಲಕ್ಕಲಕಟ್ಟಿಯಲ್ಲಿ ನನ್ನ ಹೆಂಡತಿ ನಾಗವ್ವನ ತಮ್ಮ ಬಸಪ್ಪನ ಕುಸುಬಿಗೆ ಕಪ್ಪು ಹೇನು ಹತ್ತಿತ್ತು. ಮನೆಯ ವರ್ಷದ ಎಣ್ಣೆಯೆಲ್ಲ ಆ ಹೊಲದಲ್ಲೇ ಇತ್ತು. ಬೇಸಾಯ ಖಾತೆಯ ಸಾಹೇಬರು ಸುತ್ತಲ ಊರವರಿಗೆಲ್ಲ ಹೇಳಿದ್ದರು: "ಗುಲಗಂಜಿಯಂಥ ಕೆಂಪು ಹುಳ ಈ ಹೇನು ತಿಂತಾವ. ಎಲ್ಲಿ ಸಿಕ್ಕರೂ ಜೀವಂತ ತಂದು ಬಿಡ್ರಿ. ಯಾರು ಎಷ್ಟು ತಂದ್ರಿ, ಹ್ಯಾಂಗ ತಂದ್ರಿ, ಎಲ್ಲಾ ಬರಕೋತೀನಿ."

ನಮ್ಮ ಹಿತ್ತಲ ಅವರೆ ಬಳ್ಳಿಯಲ್ಲಿ ಅವು ಬೇಕಾದಷ್ಟಿದ್ದವು. ನಾಗವ್ವ ತಾನು ಹಿಡಿದವನ್ನು ಹೇನು ಹತ್ತಿದ ಕುಡಿಗಳ ಸಮೇತ ತಂಬಿಗೆಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿದಳು. ನಾನು ಡಬ್ಬಿಗೆ ಹಾಕಿದೆ. ಎಣಿಸಲು ಮುಚ್ಚಳ ತೆಗೆದಾಗಲೆಲ್ಲ ನಾಲ್ಕು ಹಾರಿಹೋದವು! ನೇಕಾರನಿಗೆ ಇದಕ್ಕೆ ಉಪಾಯ ತಿಳಿಯದೇ? ಮಗ್ಗದ ಹಾಸಿನ ಎಳೆಗಳು ಕೆದರದಂತೆ ಗಂಜಿ ಹಚ್ಚುತ್ತೇವಲ್ಲ, ಅದೇ ಕುಂಚದಿಂದ ಒಂದೊಂದರ ಬೆನ್ನಿಗೂ ತೆಳ್ಳಗೆ ಸವರಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಕೂಡಿಸಿದೆ. ನಲವತ್ತೊಂದು. ಒಂದೂ ಅಲುಗಲಿಲ್ಲ!

"ಏನ್ರಿ, ಸತ್ತಾವೇನು?" ಎಂದಳು ನಾಗವ್ವ.

"ಶಿಸ್ತಿನಿಂದ ಕುಂತಾವ," ಎಂದೆ.

ತಂಬಿಗೆ, ಬಟ್ಟೆ ಎರಡನ್ನೂ ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು ನಾಗವ್ವನ ಹಿಂದೆ ನಡೆದೆ. ಹೊಲದಲ್ಲಿ ಬಿಳಿ ಬಟ್ಟೆ ಬಿಚ್ಚಿದರೆ ಸಾಲು ಒಣಗಿ ಅಂಟಿಕೊಂಡಿತ್ತು.

ಬಸಪ್ಪ ಬಗ್ಗಿ ನೋಡಿದ. "ಮಾಮಾ, ಹುಳಾ ತಂದೀರೋ, ಸೀರಿ ಅಂಚ ತಂದೀರೋ?"

ಅವನು ನಗುತ್ತಿರಲಿಲ್ಲ.

ನಾಗವ್ವ ತಂಬಿಗೆಯ ಬಟ್ಟೆ ಬಿಚ್ಚಿದಳು. ಮೊದಲ ಹುಳ ಮುಳ್ಳು ದಾಟಿ ಕುಡಿಗೆ ಏರಿತು. ಒಂದು ಹೇನು ಹಿಡಿಯಿತು, ತಿಂದಿತು, ಪಕ್ಕದ್ದಕ್ಕೆ ಹೋಯಿತು. ಅವಸರವಿಲ್ಲ, ತಪ್ಪಿಲ್ಲ. ಇಷ್ಟು ವರ್ಷ ಮಗ್ಗದ ಮುಂದೆ ಕುಳಿತರೂ ಅಂಥ ಕೆಲಸಗಾರನನ್ನು ನಾನು ಕಂಡಿರಲಿಲ್ಲ! ಆಮೇಲೆ ಅವಳು ನನ್ನ ಹುಳದ ಬಟ್ಟೆಯನ್ನು ನೀರಿನಿಂದ ಮೆಲ್ಲಗೆ ನೆನೆಸಿದಳು. ಒಂದು ಕಾಲು ಅಲುಗಿತು. ಕೊನೆಗೆ ಒಂಬತ್ತು ನಡೆದುಹೋದವು. ಉಳಿದ ಮೂವತ್ತೆರಡು ನನ್ನ ಪಾಪ.

ಕುಸುಬಿ ಹೂವಾದಾಗ ಬಸಪ್ಪನ ಮುಖವೂ ಅರಳಿತ್ತು. ಸಾಹೇಬರು ಎಲ್ಲರೆದುರು ವಹಿ ಓದಿದರು. ನಾನು ಕತ್ತು ಉದ್ದ ಮಾಡಿ ನಿಂತೆ.

"ಹುಳ ಹಿಡಿದವರು: ಸವಡಿಯ ರೈತರು. ತಂದ ಬಗೆ: ಎತ್ತು."

ಪುಟ ತಿರುಗಿಸಿದರು.

"ಹುಳ ಹಿಡಿದವರು: ನಾಗವ್ವ. ತಂದ ಬಗೆ: ಗಂಡ."